ಈಶಪ್ಪ ಸೈಕಲ್ ನೂಕಿದ ರವಿವಾರ

ಬೆಟಗೇರಿಯ ಈಶಪ್ಪ ಸ್ವಭಾವತಃ ಹೊಟ್ಟೆಕಿಚ್ಚಿನ ಮನುಷ್ಯನಲ್ಲ. ಎದುರು ಮನೆಯವರು ಮೇಲೆ ಇನ್ನೊಂದು ಅಂತಸ್ತು ಎಬ್ಬಿಸಿದಾಗ, ಇನ್ನು ಮೇಲೆ ತನ್ನ ಹಿಟ್ಟಿನ ಗಿರಣಿಗೆ ಮಧ್ಯಾಹ್ನದ ನೆರಳು ಪುಕ್ಕಟೆ ಸಿಗುತ್ತದೆಂದು ಸಂತೋಷಪಟ್ಟಿದ್ದ. ಪಕ್ಕದ ಓಣಿಯಲ್ಲಿ ಮತ್ತೊಬ್ಬರು ಗಿರಣಿ ತೆರೆದಾಗಲೂ ಹೋಗಿ ತೆಂಗಿನಕಾಯಿ ಒಡೆದು, ಪೇಡೆ ತಿಂದು ಬಂದಿದ್ದ. ದೇವರು ಅವನ ಪಾಲಿಗೆ ಕೊಟ್ಟಿದ್ದ ಹೊಟ್ಟೆಕಿಚ್ಚು ಬಹಳ ಸ್ವಲ್ಪ. ಅದನ್ನು ಅವನು ಕಂಡಕಂಡವರ ಮೇಲೆ ಚೆಲ್ಲದೆ, ಜೋಪಾನವಾಗಿ ಕೂಡಿಟ್ಟು, ಒಬ್ಬನೇ ಒಬ್ಬ ಮನುಷ್ಯನಿಗಾಗಿ ಮೀಸಲಿಟ್ಟಿದ್ದ. ಆ ಮನುಷ್ಯ ಅವನ ಷಡ್ಡಕ ಫಕೀರೇಶ, ಅಂದರೆ ಹೆಂಡತಿಯ ತಂಗಿಯ ಗಂಡ.

ಫಕೀರೇಶ ಮೂಲತಃ ಶಿರಹಟ್ಟಿಯವನು, ಗದಗಿನ ಒಂದು ಕಚೇರಿಯಲ್ಲಿ ಗುಮಾಸ್ತ. ಅವನ ದೊಡ್ಡ ತಪ್ಪೆಂದರೆ ಅವನಲ್ಲಿ ಹೇಳಿಕೊಳ್ಳುವಂಥ ತಪ್ಪೇ ಇರಲಿಲ್ಲ. ಹೊಟ್ಟೆ ಬಂದಿರಲಿಲ್ಲ, ತಲೆಗೂದಲು ಹೋಗಿರಲಿಲ್ಲ. ಹಾಡೆಂದರೆ ಹಾಡುತ್ತಿದ್ದ, ಮದುವೆಯಲ್ಲಿ ಬಡಿಸೆಂದರೆ ತೋಳು ಮಡಚಿ ಬಡಿಸುತ್ತಿದ್ದ. ಮುಂಡರಗಿಯಲ್ಲಿದ್ದ ಅತ್ತೆ ತಿಪ್ಪವ್ವ 'ನಮ್ಮ ಸಣ್ಣ ಅಳ್ಯಾರು' ಎನ್ನುವಾಗ ಅವಳ ದನಿ ಬೆಣ್ಣೆಯಂತಾಗುತ್ತಿತ್ತು. 'ದೊಡ್ಡ ಅಳ್ಯಾರು' ಎನ್ನುವಾಗ ಯಾಕೋ ಏನೋ ಕೆಮ್ಮು ಬರುತ್ತಿತ್ತು.

ಈ ಸಲ ಬೆಂಕಿ ಹೊತ್ತಿಕೊಂಡಿದ್ದು ತಿಪ್ಪವ್ವನ ಮನೆಯಲ್ಲೇ, ಮೊಮ್ಮಗಳಿಗೆ ಹೆಸರಿಡುವ ಕಾರ್ಯದ ದಿನ. ಪಂಕ್ತಿಯಲ್ಲಿ ಹೋಳಿಗೆ ಬೀಳುವ ಹೊತ್ತಿಗೆ ಫಕೀರೇಶ ತನ್ನ ಫೋನು ತೆಗೆದು ಪಕ್ಕದವರಿಗೆ ಕೊಟ್ಟ. ಅದು ಕೈಯಿಂದ ಕೈಗೆ ದಾಟುತ್ತ, ಹೋಳಿಗೆಗಿಂತ ವೇಗವಾಗಿ ಪಂಕ್ತಿಯ ಕೊನೆ ಮುಟ್ಟಿತು. ಅದರೊಳಗೆ ಫಕೀರೇಶ ಗೇರಿನ ಸೈಕಲ್ ಮೇಲೆ ಕುಳಿತು ಗದಗ-ಬೆಟಗೇರಿಯ ಪುಸ್ತಕದ ಅಂಗಡಿಗಳನ್ನೆಲ್ಲ ಸುತ್ತುತ್ತಿದ್ದ. ಒಂದೊಂದು ಅಂಗಡಿಯ ಮುಂದೆ ಇಳಿಯುವುದು, ಒಂದು ಪುಸ್ತಕ ಕೊಳ್ಳುವುದು, ಅಂಗಡಿಯವರ ಹೆಗಲ ಮೇಲೆ ಕೈ ಹಾಕಿ ನಗುವುದು, ಮತ್ತೆ ಹತ್ತುವುದು. ಗಾಳಿಗೆ ಅವನ ಅಂಗಿ ಹಡಗಿನ ಪಟದಂತೆ ಉಬ್ಬುತ್ತಿತ್ತು.

"ಸಣ್ಣ ಅಂಗಡಿಗೋಳು ಉಳೀಬೇಕಲ್ರಿ. ಎಲ್ಲಾರೂ ಫೋನಿನ್ಯಾಗ ತರಸ್ಕೊಂಡ್ರ ಅವರು ಏನ್ ಮಾಡ್ಬೇಕು?" ಎಂದ ಫಕೀರೇಶ, ಬಹಳ ವಿನಯದಿಂದ.

ಹಮ್ಮಿಗಿಯಿಂದ ಬಂದಿದ್ದ ಹಿರಿಯರೊಬ್ಬರು, "ಮನುಷ್ಯಾ ಅಂದ್ರ ಹಿಂಗಿರಬೇಕು," ಎಂದರು. ತಿಪ್ಪವ್ವ ಕೇಳದೆಯೇ ಫಕೀರೇಶನ ಎಲೆಗೆ ಇನ್ನೊಂದು ಹೋಳಿಗೆ ಹಾಕಿ, ಅದರ ಮೇಲೆ ತುಪ್ಪ ಸುರಿದಳು. ತುಪ್ಪದ ತಂಬಿಗೆ ಈಶಪ್ಪನ ಎಲೆಯನ್ನು ಹಾರಿ ಮುಂದೆ ಹೋಯಿತು.

ಆ ತುಪ್ಪವೇ ಮುಂದಿನದಕ್ಕೆಲ್ಲ ಕಾರಣ.

"ಇದರಾಗ ಏನ್ ದೊಡ್ಡದೈತಿ?" ಎಂದುಬಿಟ್ಟ ಈಶಪ್ಪ. "ನಾನೂ ಸೈಕಲ್ ಮ್ಯಾಲ ಪುಸ್ತಕದ ಅಂಗಡಿ ಸುತ್ತತೀನಿ. ಎಷ್ಟೋ ವರ್ಷ ಆತು. ವಿಡಿಯೋ ಮಾಡಿಲ್ಲ ಅಷ್ಟ."

ಪಂಕ್ತಿ ಊಟ ನಿಲ್ಲಿಸಿತು.

"ಅಣ್ಣಾವ್ರ, ನೀವು ಸೈಕಲ್ ಹೊಡೀತೀರಿ?" ಎಂದ ಫಕೀರೇಶ. "ನಾ ಒಮ್ಮೆರ ನೋಡಿಲ್ಲಲ್ಲ."

"ನಸೀಕಿನ್ಯಾಗ. ಗಿರಣಿ ತೆಗಿಯೂದಕ್ಕಿಂತ ಮುಂಚೆ."

ತಿಪ್ಪವ್ವ ಹಿರಿಯ ಮಗಳ ಕಡೆ ತಿರುಗಿದಳು. "ಹೌದೇನ ಅನ್ನಪೂರ್ಣ?"

ಅನ್ನಪೂರ್ಣ ಸಾರಿನ ಸೌಟು ಹಿಡಿದು ನಿಂತಿದ್ದಳು. ಗಂಡ ಸೈಕಲ್ ಮುಟ್ಟಿದ್ದನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ. ಅವನು ಎಲ್ಲಿಗೆ ಹೋಗುವುದಿದ್ದರೂ ಅವಳ ಸ್ಕೂಟಿಯ ಹಿಂದೆಯೇ ಹೋಗುತ್ತಿದ್ದ. ಗಾಡಿ ಹೊಡೆದರೆ ತನಗೆ ಬೆನ್ನು ಹಿಡಿಯುತ್ತದೆ ಎನ್ನುತ್ತಿದ್ದ. ಆದರೆ ಅವಳು ಆವತ್ತು ಬೆಳಗಿನಿಂದ ತಂಗಿ ವಿದ್ಯಾಶ್ರೀಯ ಬಾಯಿಂದ 'ನಮ್ಮನಿಯಾವರು, ನಮ್ಮನಿಯಾವರು' ಎಂದು ಕೇಳಿ ಕೇಳಿ ಬೆಂದುಹೋಗಿದ್ದಳು.

"ಹೌದವ್ವ," ಎಂದಳು. "ಭಾಳ ದಿನದಿಂದ ಹೋಗ್ತಾರ."

"ಹಂಗಾರ ಬರೂ ರವಿವಾರ ಹೋದಾಗ ನನಗೂ ಒಂದೀಟು ಫೋಟೋ ಕಳಸ್ರಿ ಅಳ್ಯಾರ," ಎಂದಳು ತಿಪ್ಪವ್ವ. ಮೊದಲ ಬಾರಿಗೆ ಅವಳಿಗೆ ಕೆಮ್ಮು ಬರಲಿಲ್ಲ.

ಊರಿಗೆ ಮರಳುವ ಬಸ್ಸು ಡಂಬಳ ದಾಟಿತು. ಆಮೇಲೆ ಅನ್ನಪೂರ್ಣ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು: "ನಾ ನಮ್ಮವ್ವನ ಮುಂದ ಸುಳ್ಳು ಹೇಳೇನಿ. ಅದನ್ನ ಖರೆ ಮಾಡೂದು ನಿಮ್ಮ ಜವಾಬ್ದಾರಿ. ಕಾಲೇಜಿಗೆ ಸೈಕಲ್ ಮ್ಯಾಲ ಹೋಗ್ತಿದ್ದೆ ಅಂತ ನನ್ನ ನೋಡಾಕ ಬಂದಾಗ ಹೇಳಿದ್ರಲ್ಲ. ಒಂದಿನ ಬೆನ್ನು ನೋವು ತಡಕೋರಿ."

ಈಶಪ್ಪ ಕನ್ಯೆ ನೋಡಲು ಹೋದಾಗ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅವನು ಕಾಲೇಜಿಗೆ ಸೈಕಲ್ ಮೇಲೆಯೇ ಹೋಗುತ್ತಿದ್ದ. ತುಳಿಯುತ್ತಿದ್ದವನು ಗೆಳೆಯ, ಈಶಪ್ಪ ಹಿಂದಿನ ಕ್ಯಾರಿಯರಿನ ಮೇಲೆ ಕುಳಿತಿರುತ್ತಿದ್ದ. ಕ್ಯಾರಿಯರಿನ ವಿಷಯದಲ್ಲಿ ಅವನ ಅನುಭವ ಅಪಾರವಾದದ್ದು. ಸೀಟು, ಹ್ಯಾಂಡಲ್, ಪೆಡಲ್ ಇವುಗಳ ಪರಿಚಯ ಮಾತ್ರ ಆಗಿರಲಿಲ್ಲ. ಈ ವಯಸ್ಸಿನಲ್ಲಿ ಅದನ್ನು ಬಾಯಿಬಿಟ್ಟು ಹೇಳುವುದಾದರೂ ಹೇಗೆ?

ಮರುದಿನ ಅವನು ಗೆಳೆಯ ಲಾಡಸಾಬನ ಸೈಕಲ್ ಅಂಗಡಿಗೆ ಹೋಗಿ, ಇದ್ದದ್ದು ಇದ್ದಂತೆ ಹೇಳಿಕೊಂಡ. ಲಾಡಸಾಬ ನಗಲಿಲ್ಲ, ಅದಕ್ಕೇ ಅವನು ಗೆಳೆಯ. ಅಂಗಡಿಯ ಹಿತ್ತಲಿನಲ್ಲಿ ಒಂದು ಹಳೆಯ ಕರಿ ಸೈಕಲ್ಲನ್ನು ಗಟ್ಟಿಯಾಗಿ ಹಿಡಿದು, "ಹತ್ರಿ," ಎಂದ. ಈಶಪ್ಪ ಹತ್ತಿದ. ಹತ್ತಿದ ಕಡೆಯಿಂದ ಬೀಳುವುದು ಜನರ ಪದ್ಧತಿ. ಈಶಪ್ಪ ಆಚೆ ಕಡೆಗೆ ಬಿದ್ದ. ಎರಡನೆಯ ಸಲ ಲಾಡಸಾಬನನ್ನೂ ಕರೆದುಕೊಂಡು ಬಿದ್ದ. ಮೂರನೆಯ ಸಲ ಕೋಳಿಗೂಡಿನ ಮೇಲೆ ಹೋಗಿ ಬಿದ್ದಾಗ ಒಳಗಿಂದ ಲಾಡಸಾಬನ ಹೆಂಡತಿ ಸಾಬೀರಾ ಬಂದು, ಇಬ್ಬರನ್ನೂ ನೋಡಿ, ಕೋಳಿಗಳನ್ನು ಮಾತ್ರ ಎತ್ತಿಕೊಂಡು ಹೋದಳು.

ಲಾಡಸಾಬ ಮೊಣಕೈ ಒರೆಸಿಕೊಳ್ಳುತ್ತ ಯೋಚಿಸಿ ಹೇಳಿದ: "ಈಶಪ್ಪಣ್ಣ, ನಿಮಗ ಬೇಕಾಗಿದ್ದು ಫೋಟೋ. ಅಂಗಡಿ ಮುಂದ ನೀವು, ನಿಮ್ಮ ಬಾಜೂಕ ಸೈಕಲ್. ಅಲ್ಲಿಗಿ ಹೊಡಕೊಂಡು ಬಂದ್ರೋ ನೂಕ್ಕೊಂಡು ಬಂದ್ರೋ ಫೋಟೋದಾಗ ಎಲ್ಲಿ ಕಾಣತೈತಿ? ಯಾರು ಕೇಳತಾರ?"

ಒಳ್ಳೆಯ ಸಲಹೆ. ಅದರಲ್ಲಿದ್ದ ದೋಷ ಒಂದೇ. ಗದಗ-ಬೆಟಗೇರಿಯಲ್ಲಿ ಮನುಷ್ಯನೊಬ್ಬ ಸೈಕಲ್ ನೂಕಿಕೊಂಡು ಹೊರಟರೆ, ಕೇಳದವರೇ ಇಲ್ಲ.

ರವಿವಾರ ಬೆಳಿಗ್ಗೆ ಈಶಪ್ಪ ಇಸ್ತ್ರಿಯ ಅಂಗಿ ಹಾಕಿಕೊಂಡು, ಲಾಡಸಾಬನ ಕರಿ ಸೈಕಲ್ ನೂಕುತ್ತ ಹೊರಟ. ಬೆಟಗೇರಿ ಬಸ್ ನಿಲ್ದಾಣದ ಹತ್ತಿರದ ಮೊದಲ ಅಂಗಡಿಗೆ ತೊಂದರೆಯಿಲ್ಲದೆ ತಲುಪಿದ. ಪಂಚಾಂಗ, ಶಾಲೆಯ ಗೈಡು, ಒಂದು ಮೂಲೆಯಲ್ಲಿ ಕಥೆ ಕಾದಂಬರಿ ಇಟ್ಟುಕೊಂಡ ಸಣ್ಣ ಅಂಗಡಿ. ಕಪಾಟಿನ ಗಾಜಿನ ಮೇಲೆ ಫಕೀರೇಶನ ಫೋಟೋ ಅಂಟಿಸಿದ್ದರು. ಅದಕ್ಕೊಂದು ಸಣ್ಣ ಮಾಲೆ ಬೇರೆ.

"ಇದು ಯಾಕ್ರಿ?" ಎಂದ ಈಶಪ್ಪ. ಮಾಲೆ ನೋಡಿ ಒಂದು ಕ್ಷಣ ಅವನ ಮನಸ್ಸಿನಲ್ಲಿ ಬರಬಾರದ ಆಸೆಯೊಂದು ಬಂದು ಹೋಯಿತು.

"ಭಾಳ ದೊಡ್ಡ ಮನುಷ್ಯಾರ್ರಿ ಅವರು," ಎಂದ ಅಂಗಡಿಯವನು. "ಸೈಕಲ್ ಮ್ಯಾಲ ಬಂದು ಹೋದ್ರು. ಅವತ್ತಿನಿಂದ ಅಂಗಡಿಗಿ ಕಳಾ ಬಂದೈತಿ."

"ಅವರು ಯಾವ ಪುಸ್ತಕ ತಗೊಂಡ್ರು?"

"ಒಂದು ಕಥಿ ಪುಸ್ತಕ. ಇಷ್ಟ ಇತ್ತು."

"ಅದಕ್ಕಿಂತ ದಪ್ಪಂದು ಕೊಡ್ರಿ."

ಅಂಗಡಿಯಲ್ಲಿ ಎಲ್ಲಕ್ಕಿಂತ ದಪ್ಪದ್ದು ಹತ್ತನೆಯ ತರಗತಿಯ ಗಣಿತದ ಗೈಡು. ಈಶಪ್ಪ ಅದನ್ನೇ ಕೊಂಡು ಕ್ಯಾರಿಯರಿಗೆ ಸಿಗಿಸಿ, ಫೋಟೋ ತೆಗೆಸಿಕೊಂಡು ಹೊರಟ.

ರೈಲು ನಿಲ್ದಾಣದ ದಾರಿಯಲ್ಲಿ ಪಂಚರ್ ಅಂಗಡಿಯ ತೌಹೀದ ಅವನನ್ನು ನೋಡಿದ. ಕೆಲಸವಿಲ್ಲದೆ ಕುಳಿತ ಪಂಚರ್‌ನವನ ಕಣ್ಣಿಗೆ ಸೈಕಲ್ ನೂಕುವ ಮನುಷ್ಯ ಹೇಗೆ ಕಾಣುತ್ತಾನೆಂದು ಬೇರೆ ಹೇಳಬೇಕಿಲ್ಲ. ಓಡಿ ಬಂದು ಹ್ಯಾಂಡಲ್ ಹಿಡಿದ. "ಪಂಚರ್ ಏನ್ರಿ?"

"ಹೌದು," ಎಂದ ಈಶಪ್ಪ. ಬೇರೆ ಏನು ಹೇಳಬೇಕೆಂದು ತೋಚಲಿಲ್ಲ.

ತೌಹೀದ ಟ್ಯೂಬು ಹೊರಗೆಳೆದು ನೀರಿನ ಬುಟ್ಟಿಯಲ್ಲಿ ಅದ್ದಿ ನೋಡಿದ. ಗುಳ್ಳೆ ಬರಲಿಲ್ಲ. ಇನ್ನೊಂದು ಗಾಲಿಯದನ್ನೂ ಬಿಚ್ಚಿ ನೋಡಿದ. "ಎರಡೂ ಹೊಸಾವದಾವ್ರಿ. ಎಲ್ಲಿ ಗಾಳಿ ಹೋಗಾಕತ್ತೈತಿ?" ಎಂದ.

"ಹೋಗಿ ಬಂದು ಮಾಡತೈತಿ," ಎಂದ ಈಶಪ್ಪ. ತೌಹೀದ ಟ್ಯೂಬನ್ನು ಮತ್ತೆ ಹಾಕಿ, ಗಾಳಿ ಹೊಡೆದು, ಚೈನಿಗೆ ಎಣ್ಣೆ ಬಿಟ್ಟು, ಗಾಲಿ ತಿರುಗಿಸಿ ತೋರಿಸಿದ. ಅದು ನಿಲ್ಲದೆ ತಿರುಗಿತು. ಈಶಪ್ಪ ಥ್ಯಾಂಕ್ಸ್ ಹೇಳಿ, ಗಡಿಬಿಡಿಯಲ್ಲಿ ಕನ್ನಡಕ ಅಲ್ಲೇ ಮರೆತು, ಸೈಕಲ್ ನೂಕಿಕೊಂಡು ಹೊರಟುಬಿಟ್ಟ. ತೌಹೀದ ಬಾಯಿ ತೆರೆದುಕೊಂಡು ನೋಡುತ್ತ ನಿಂತ.

ನಿಲ್ದಾಣದ ಬಳಿಯ ಹಳೆಯ ಪುಸ್ತಕದ ಅಂಗಡಿಯಲ್ಲೂ ಅದೇ ಕಥೆ. ಫಕೀರೇಶ ಬಂದಿದ್ದ, ನಕ್ಕಿದ್ದ, ಹಾಡಿದ್ದ. ಇಲ್ಲಿ ಈಶಪ್ಪ ಕೊಂಡದ್ದು ಕುರಿ ಸಾಕಾಣಿಕೆಯ ಮೇಲಿನ ಒಂದು ಭಾರೀ ಗ್ರಂಥ. ಅವನ ಮನೆಯಲ್ಲಿ ಕುರಿ ಇರಲಿಲ್ಲ, ಆದರೆ ಫಕೀರೇಶ ಕೊಂಡದ್ದಕ್ಕಿಂತ ಇದು ಮೂರು ಪಟ್ಟು ದಪ್ಪವಿತ್ತು. ಅಲ್ಲಿಂದ ಮುಂದೆ ದಾರಿಯಲ್ಲಿ ಸಿಕ್ಕವರಿಗೆಲ್ಲ ಅವನು ಒಬ್ಬರಿಗೆ ಚೈನು ಬಿಚ್ಚಿದೆ ಎಂದ, ಒಬ್ಬರಿಗೆ ಬ್ರೇಕು ಹಿಡಿದಿದೆ ಎಂದ, ಗಿರಣಿಗೆ ಬರುವ ಅಲ್ಮಾಸಬಿಗೆ ಡಾಕ್ಟರು ನಡೆಯಲು ಹೇಳಿದ್ದಾರೆ ಎಂದ. "ನಡಿಯಾಕ ಸೈಕಲ್ ಯಾಕ ಬೇಕು?" ಎಂದು ಅಲ್ಮಾಸಬಿ ಕೇಳುವಷ್ಟರಲ್ಲಿ ಮುಂದೆ ಹೋಗಿದ್ದ.

ಮೂರನೆಯ ಅಂಗಡಿ ಟಾಂಗಾಕೂಟದ ಹತ್ತಿರ. ನಿವೃತ್ತ ಕನ್ನಡ ಶಿಕ್ಷಕಿ ಶಂಕ್ರೆವ್ವ ಟೀಚರ್ ಮನೆಯ ಮುಂದಿನ ಕೋಣೆಯಲ್ಲಿ ನಡೆಸುವ ಅಂಗಡಿ. ಅಲ್ಲಿ ಪುಸ್ತಕ ಮುಟ್ಟುವ ಮೊದಲು ಕೈ ತೊಳೆಯಬೇಕು. ಬೆವರು ಸುರಿಸುತ್ತ ಬಂದ ಈಶಪ್ಪನಿಗೆ ಟೀಚರ್ ನೀರು ಕೊಟ್ಟು, ಸೈಕಲ್ ಮೇಲೊಮ್ಮೆ ಅವನ ಮೇಲೊಮ್ಮೆ ಕಣ್ಣಾಡಿಸಿದರು.

"ಬೆಟಗೇರಿಯಿಂದ ನೂಕ್ಕೋತ ಬಂದೀರಿ?"

"ಹೌದ್ರಿ ಟೀಚರ್. ಪಂಚರ್ ಆಗಿತ್ತು."

ಅಷ್ಟರಲ್ಲಿ ಬಾಗಿಲಲ್ಲಿ ತೌಹೀದ ಕನ್ನಡಕ ಹಿಡಿದು ನಿಂತಿದ್ದ. ದಾರಿಯುದ್ದಕ್ಕೂ ಕೇಳುತ್ತ ಬಂದವನ ಹಿಂದೆ ಅಲ್ಮಾಸಬಿಯೂ, ಚೈನಿನ ಕಥೆ ಕೇಳಿದವರೂ, ಬ್ರೇಕಿನ ಕಥೆ ಕೇಳಿದವರೂ ಇದ್ದರು.

"ಪಂಚರ್ ಇಲ್ರಿ ಟೀಚರ್," ಎಂದ ತೌಹೀದ. "ನಾನ ಎರಡೂ ಟ್ಯೂಬ್ ನೋಡೀನಿ. ಸೈಕಲ್ ಕುದುರಿಗತೆ ಓಡತೈತಿ. ಇವರ ಹತ್ತವಲ್ರು."

ಎಲ್ಲರೂ ಈಶಪ್ಪನನ್ನು ನೋಡಿದರು. ಈಶಪ್ಪ ಸೈಕಲ್ಲನ್ನು ನೋಡಿದ. ಅದರ ಕ್ಯಾರಿಯರಿನಲ್ಲಿ ಗಣಿತವೂ ಕುರಿಯೂ ಒಂದರ ಮೇಲೊಂದು ಕುಳಿತಿದ್ದವು. ಗೋಡೆಯ ಮೇಲೆ ವೀಣೆ ಹಿಡಿದ ಸರಸ್ವತಿಯ ಪಟ. ಅದರ ಕೆಳಗಿನ ಮೊಳೆಗೆ ಸಿಕ್ಕಿಸಿದ್ದ ಫೋಟೋದಲ್ಲಿ ಫಕೀರೇಶ ನಗುತ್ತ ಸೈಕಲ್ ಮೇಲೆ ಕುಳಿತಿದ್ದ. ಆ ನಗು ನೋಡುತ್ತಲೇ ಈಶಪ್ಪನ ಬಾಯಿಂದ ಮಾತು ತಾನಾಗಿ ಹೊರಟಿತು.

"ಹ್ಯಾಂಗ ಹತ್ಲಿ ಟೀಚರ್? ಹಿಂದ ಪುಸ್ತಕ ಅದಾವು. ಪುಸ್ತಕ ಅಂದ್ರ ಸರಸ್ವತಿ. ಆಕಿಗೆ ಬೆನ್ನ ತೋರಿಸಿ, ಮುಂದ ನಾ ಸೀಟಿನ ಮ್ಯಾಲ ಏರಿ ಕುಂಡ್ರಬೇಕೇನ್ರಿ?"

ಶಂಕ್ರೆವ್ವ ಟೀಚರ್ ಕೈಯಲ್ಲಿದ್ದ ತಂಬಿಗೆಯನ್ನು ನಿಧಾನವಾಗಿ ಕೆಳಗಿಟ್ಟರು. ಮೂವತ್ತು ವರ್ಷ ಮಕ್ಕಳಿಗೆ ಪುಸ್ತಕ ಕಾಲಿಗೆ ತಾಗಿಸಬೇಡಿ ಎಂದು ಹೇಳಿ ದಣಿದ ಹೆಂಗಸು ಆಕೆ. ಕಣ್ಣಲ್ಲಿ ನೀರು ತುಂಬಿತು.

"ಹಂಗಾರ ನನಗ ಯಾಕ ಪಂಚರ್ ಅಂದ್ರಿ?" ಎಂದ ತೌಹೀದ.

"ದೊಡ್ಡಾವರು ತಮ್ಮ ದೊಡ್ಡತನ ತಾವ ಹೇಳ್ಕೊಳ್ಳೂದಿಲ್ಲಪ್ಪ," ಎಂದು ಟೀಚರೇ ಉತ್ತರಿಸಿದರು. ಈಶಪ್ಪನ ಪರವಾಗಿ ಅವರು ಇಷ್ಟು ಚೆನ್ನಾಗಿ ಹೇಳಿದ್ದನ್ನು ಕೇಳಿ ಅವನಿಗೇ ತನ್ನ ಮೇಲೆ ಗೌರವ ಹುಟ್ಟಿತು. ಟೀಚರ್ ಅವನನ್ನು ಸೈಕಲ್ ಪಕ್ಕ ನಿಲ್ಲಿಸಿ ಫೋಟೋ ತೆಗೆದು, ಆ ಮಾತನ್ನು ಒಂದಕ್ಷರ ಬಿಡದೆ ಬರೆದು, ತಮ್ಮ ಹಳೆಯ ವಿದ್ಯಾರ್ಥಿಗಳ ಗುಂಪುಗಳಿಗೆಲ್ಲ ಕಳಿಸಿದರು. ಗೋಡೆಯ ಮೇಲಿದ್ದ ಫಕೀರೇಶನ ಫೋಟೋವನ್ನು ಮೊಳೆಯಿಂದ ಬಿಡಿಸಿ ಬೋರಲು ಹಾಕಿದರು. ಈಶಪ್ಪ ಅದನ್ನು ಕಣ್ಣಾರೆ ಕಂಡ. ಹೋಳಿಗೆಯ ಮೇಲೆ ಬೀಳದ ತುಪ್ಪ ಈಗ ನೇರವಾಗಿ ಹೊಟ್ಟೆಯೊಳಗೇ ಬಿದ್ದಂತಾಯಿತು.

ಫೋನಿನ ವೇಗದ ಮುಂದೆ ಸೈಕಲ್ ಏನು? ಅವನು ಟೀಚರ ಅಂಗಡಿಯಿಂದ ಇನ್ನೊಂದು ದಪ್ಪ ಪುಸ್ತಕ ಕೊಂಡು (ಕಾನೂನು ಕೋಶ) ಹೊರಗೆ ಬರುವಷ್ಟರಲ್ಲಿ ಸುದ್ದಿ ಲಕ್ಷ್ಮೇಶ್ವರ ಮುಟ್ಟಿತ್ತು. ಅಲ್ಲಿಯ ಬೀಗರು ಫೋನು ಮಾಡಿ, "ನಿಮ್ಮಂಥಾವರು ನಮ್ಮ ಸಂಬಂಧದಾಗ ಅದೀರಿ ಅಂತ ಗೊತ್ತಿರಲಿಲ್ಲ," ಎಂದರು. ಶಿರಹಟ್ಟಿಯಲ್ಲಿ ಫಕೀರೇಶನ ತಂದೆಯೇ ನಾಲ್ಕು ಜನರಿಗೆ ಕಳಿಸಿದ್ದರು. ಕೊನೆಗೆ ಮುಂಡರಗಿಯಿಂದ ತಿಪ್ಪವ್ವನ ಫೋನು ಬಂತು.

"ಅಳ್ಯಾರ, ಕುಂತು ಹೋಗಾಕ ಎಲ್ಲಾರಿಗೂ ಬರತೈತಿ," ಎಂದಳು. "ಸಣ್ಣ ಅಳ್ಯಾರಿಗೂ ಫೋನ್ ಮಾಡಿದ್ದೆ. ಸರಸ್ವತಿ ಕಡೆ ಏನ್ ಮಾಡಿ ಕುಂತಿದ್ರಿ ನೀವು ಅಂತ ಕೇಳಿದೆ."

ಟಾಂಗಾಕೂಟದಿಂದ ಕೊನೆಯ ಅಂಗಡಿಯಿದ್ದ ಮುಳಗುಂದ ನಾಕಾದ ಕಡೆ ಹೊರಟಾಗ ಈಶಪ್ಪನ ಹಿಂದೆ ಸುಮಾರು ಜನ ಸೇರಿದ್ದರು. ಒಬ್ಬ ಪೊಲೀಸ ಅಡ್ಡ ಬಂದ.

"ಮೆರವಣಿಗಿಗೆ ಪರವಾನಿಗಿ ಐತೇನ್ರಿ?"

"ಇದು ಮೆರವಣಿಗಿ ಅಲ್ರಿ. ನಾ ಪುಸ್ತಕ ತರಾಕ ಹೊಂಟೀನಿ."

"ಮತ್ತ ಇವರೆಲ್ಲಾ ಯಾರು?"

"ನನಗೂ ಗೊತ್ತಿಲ್ರಿ."

ಯಾರೋ ಪೊಲೀಸನ ಕಿವಿಯಲ್ಲಿ ಸರಸ್ವತಿಯ ವಿಷಯ ಹೇಳಿದರು. ಅವನು ಟೊಪ್ಪಿಗೆ ಸರಿಮಾಡಿಕೊಂಡು, ತಾನೇ ಮುಂದೆ ನಿಂತು ಆಟೋಗಳನ್ನು ಸರಿಸತೊಡಗಿದ. ನಗರಸಭೆಯ ಸದಸ್ಯರೊಬ್ಬರ ಕಾರು ಹಾದುಹೋಗುತ್ತಿತ್ತು. ಜನ ಕಂಡಲ್ಲಿ ಇಳಿಯುವುದು ಅವರ ಅಭ್ಯಾಸ. ಇಳಿದರು. ಬೇರೆ ಯಾವುದೋ ಸಮಾರಂಭಕ್ಕೆಂದು ಕಾರಿನಲ್ಲಿದ್ದ ಶಾಲು ತಂದು ಈಶಪ್ಪನಿಗೆ ಹೊದಿಸಿ, ತಾವೂ ಜೊತೆಗೆ ನಡೆಯತೊಡಗಿದರು. ಬೇಸಿಗೆಯ ಬಿಸಿಲು, ಮೇಲೆ ಉಣ್ಣೆಯ ಶಾಲು. ಆದರೂ ಈಶಪ್ಪನಿಗೆ ಅಂದು ಸೆಕೆಯೆನಿಸಲಿಲ್ಲ.

ಆಗ ಅಡ್ಡರಸ್ತೆಯಿಂದ ಫಕೀರೇಶ ಬಂದ.

ಗೇರಿನ ಸೈಕಲ್ಲನ್ನು ನೂಕುತ್ತ ಬಂದ. ಕಳೆದ ವಾರ ಕೊಂಡ ಪುಸ್ತಕಗಳನ್ನೆಲ್ಲ ಹಿಂದೆ ಕಟ್ಟಿದ್ದ. ಮುಖ ಸಣ್ಣದಾಗಿತ್ತು. "ಅಣ್ಣಾವ್ರ, ನನ್ನಿಂದ ತಪ್ಪಾತು," ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. "ಇನ್ನ ಮ್ಯಾಲ ನಾನೂ ನೂಕಾಂವನ."

ಜನ ಚಪ್ಪಾಳೆ ತಟ್ಟಿದರು. ಈಶಪ್ಪನಿಗೆ ಆ ಚಪ್ಪಾಳೆ ಸರಿಬರಲಿಲ್ಲ. ತಪ್ಪು ಮಾಡಿದವನಿಗೂ ಚಪ್ಪಾಳೆಯೆಂದರೆ ಮಾಡದವನ ಗತಿಯೇನು? ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಫಕೀರೇಶ ನಿಂತು ಚಪ್ಪಲಿ ಬಿಚ್ಚಿ ಹ್ಯಾಂಡಲಿಗೆ ತೂಗುಹಾಕಿದ. "ಆಕಿ ಮುಂದ ಚಪ್ಪಲಿ ಯಾಕ್ರಿ?" ಎಂದ. ಜನ "ಖರೆ, ಖರೆ" ಎಂದರು. ಈಶಪ್ಪನೂ ಬಿಚ್ಚಿದ. ಡಾಂಬರು ಕಾದ ಹಂಚಿನಂತಿತ್ತು. ಇಬ್ಬರೂ ಕೆಂಡ ಹಾಯುವವರಂತೆ ಕುಣಿಯುತ್ತ ನಡೆದರು. ಯಾರೂ ಹಿಂದೆ ಬೀಳಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಈಶಪ್ಪ ಗೆದ್ದು ಮನೆ ಸೇರುತ್ತಿದ್ದ. ಆದರೆ ಸದಸ್ಯರು ಫಕೀರೇಶನ ಕಡೆ ತಿರುಗಿ, "ನಿಮ್ಮದೂ ದೊಡ್ಡ ಮನಸ್ಸು ಬಿಡ್ರಿ," ಎಂದದ್ದು ಅವನ ಕಿವಿಗೆ ಬಿತ್ತು. ಈಶಪ್ಪ ತಕ್ಷಣ ಸೈಕಲ್ ನಿಲ್ಲಿಸಿ, ಕ್ಯಾರಿಯರಿನಿಂದ ಪುಸ್ತಕ ಬಿಚ್ಚಿ, "ಸರಸ್ವತಿ ಕ್ಯಾರಿಯರಿನ್ಯಾಗಾದ್ರೂ ಯಾಕ ಕುಂಡ್ರಬೇಕು?" ಎಂದು ಗಣಿತ, ಕುರಿ, ಕಾನೂನು ಮೂರನ್ನೂ ಎತ್ತಿ ತಲೆಯ ಮೇಲಿಟ್ಟುಕೊಂಡ. ಒಂದು ಕೈ ಪುಸ್ತಕದ ಮೇಲೆ, ಇನ್ನೊಂದು ಹ್ಯಾಂಡಲಿನ ಮೇಲೆ.

ಜನ ಈ ಸಲ ಚಪ್ಪಾಳೆ ಬಿಟ್ಟು ಕೈ ಮುಗಿದರು. ಅಂಥ ಭಕ್ತಿ ಅವರು ಕಂಡಿರಲಿಲ್ಲ. ಫಕೀರೇಶನೂ ತನ್ನವನ್ನು ತಲೆಗೇರಿಸಿದ. ಅವನವು ತೆಳ್ಳಗಿನ ಕಥೆ ಪುಸ್ತಕ, ಹೂವಿನ ಹಾಗೆ ಕುಳಿತವು. ಈಶಪ್ಪನ ಕುತ್ತಿಗೆ ಮಾತ್ರ ಅಂಗಿಯ ಕಾಲರಿನೊಳಗೆ ಇಳಿಯಿತು.

ಕೊನೆಯ ಅಂಗಡಿ ಇನ್ನೂ ಸ್ವಲ್ಪ ದೂರವಿರುವಾಗಲೇ ಅದರ ಮಾಲೀಕ ಮಹಬೂಬಸಾಬರು ಛತ್ರಿ ಹಿಡಿದು ಎದುರುಗೊಳ್ಳಲು ಬಂದರು. ಉರ್ದು ಕನ್ನಡ ಎರಡೂ ಪುಸ್ತಕ ಮಾರುವ ವೃದ್ಧರು, ಮೆತ್ತನೆಯ ಮನುಷ್ಯ. "ನಮ್ಮಲ್ಲೂ ಕಿತಾಬಿಗೆ ಅದಬ್, ಮರ್ಯಾದಿ ಕೊಡಬೇಕಂತ ಐತ್ರಿ. ಭಾಳ ಖುಷಿ ಆತು," ಎಂದರು. ಆಮೇಲೆ ಕೆಳಗೆ ನೋಡಿದರು. ಬರಿಗಾಲಿನಲ್ಲಿ ಕುಣಿಯುತ್ತಿದ್ದ ಇಬ್ಬರು ಗಂಡಸರನ್ನು ಕಂಡು ಅವರಿಗೆ ಕನಿಕರ ಬಂತು.

"ಕಾಲು ಸುಡಾಕತ್ತಾವಲ್ರಿ ಪಾಪ. ಒಂದು ಮಾತು ಹೇಳ್ಲೇನು? ಕಿತಾಬು ಈಗ ತಲಿ ಮ್ಯಾಲ ಅದಾವು. ಹಿಂದ ಇಲ್ಲ. ಇನ್ನ ಸೈಕಲ್ ಹತ್ತಿದ್ರ ಬೇಅದಬಿ ಏನೈತ್ರಿ? ಇಷ್ಟು ದೂರ ಕುಂತು ಬರ್ರಿ."

"ಹೌದಲ್ಲ," ಎಂದರು ಶಂಕ್ರೆವ್ವ ಟೀಚರ್. ಅವರೂ ಬಂದಿದ್ದರು. "ಹೌದಲ್ಲ," ಎಂದ ಪೊಲೀಸ. ಎಲ್ಲರೂ "ಹತ್ರಿ, ಹತ್ರಿ" ಎಂದರು.

ಫಕೀರೇಶ ಕಾದಿದ್ದವನಂತೆ ಹತ್ತಿಬಿಟ್ಟ. ಒಂದು ಕೈಯಲ್ಲಿ ತಲೆಯ ಪುಸ್ತಕ ಹಿಡಿದು, ಒಂದೇ ಕೈಯಲ್ಲಿ ಸೈಕಲ್ ನಡೆಸುತ್ತ, ರಾಜನಂತೆ ಮುಂದೆ ಹೋದ. ಜನ ಈಶಪ್ಪನಿಗೆ ದಾರಿ ಬಿಟ್ಟು ನಿಂತರು. ತೌಹೀದ ಬಂದು ಸೈಕಲ್ಲಿನ ಹಿಂದೆ ಹಿಡಿದು, "ಹತ್ರಿ ಅಣ್ಣಾರ, ನಾ ಹಿಡದೀನಿ," ಎಂದ.

ಈಶಪ್ಪ ಆಕಾಶ ನೋಡಲು ಹೋದ. ತಲೆಯ ಮೇಲೆ ಕಾನೂನು ಇದ್ದುದರಿಂದ ಅದೂ ಆಗಲಿಲ್ಲ. ಪಾದ ಉರಿಯುತ್ತಿತ್ತು, ಕುತ್ತಿಗೆ ಇಳಿದಿತ್ತು, ಹೇಳಲು ನೆಪವೊಂದೂ ಉಳಿದಿರಲಿಲ್ಲ. ಹತ್ತಿದರೆ ಇಡೀ ಊರಿನ ಮುಂದೆ, ಅದೂ ಫೋಟೋ ತೆಗೆಯುತ್ತಿರುವಾಗ, ಸರಸ್ವತಿಯ ಸಮೇತ ಬೀಳಬೇಕು. ಮನುಷ್ಯ ದಣಿದಾಗ ನಿಜ ಹೇಳುತ್ತಾನೆ.

"ನನಗ ಸೈಕಲ್ ಹೊಡ್ಯಾಕ ಬರೂದಿಲ್ರಿ," ಎಂದ.

ಶಂಕ್ರೆವ್ವ ಟೀಚರ್ ಸೆರಗಿನಿಂದ ಕಣ್ಣೊರೆಸಿಕೊಂಡರು. "ಕೇಳಿದ್ರೇನು?" ಎಂದರು ಗದ್ಗದವಾಗಿ. "ನನಗ ಇಂಥಾದ್ದು ಬರತೈತಿ ಅಂತ ಹೇಳೂದ ಬಿಟ್ಟಾರ ಇವರು."

"ಹಂಗಲ್ರಿ ಟೀಚರ್. ಖರೇನ ಬರೂದಿಲ್ಲ. ಹತ್ತಿದ್ರ ಬೀಳತೀನಿ."

"ಹತ್ತಿದ್ರ ಬೀಳತೀನಿ," ಎಂದು ಸದಸ್ಯರು ಪುನರುಚ್ಚರಿಸಿ ತಲೆದೂಗಿದರು. "ಬರಕೋರಿ ಇದನ್ನ. ಮ್ಯಾಲ ಹತ್ತಿದಾಂವ ಒಂದಿನ ಬೀಳಾವನ ಅಂತ ಹೇಳಾಕತ್ತಾರ. ನಮ್ಮಂಥಾವರು ತಿಳ್ಕೋಬೇಕಾದ ಮಾತು."

"ಇಲ್ರಿ ಸಾಹೇಬ್ರ, ಲಾಡಸಾಬನ್ನ ಕೇಳ್ರಿ. ಅವನ ಕೋಳಿಗೂಡಿನ ಮ್ಯಾಲ ಬಿದ್ದೀನಿ," ಎಂದು ಈಶಪ್ಪ ಅಂಗಲಾಚಿದ. ಅವನು ಎಷ್ಟು ಆಣೆ ಪ್ರಮಾಣ ಮಾಡಿದನೋ ಅಷ್ಟೂ ಅವನ ವಿನಯ ಬೆಳೆಯುತ್ತ ಹೋಯಿತು. ಮಹಬೂಬಸಾಬರು ಅವನ ಕೈಯನ್ನು ತಮ್ಮ ಕಣ್ಣಿಗೊತ್ತಿಕೊಂಡರು. ಚಪ್ಪಾಳೆ ಮುಳಗುಂದ ನಾಕಾದವರೆಗೂ ಕೇಳಿಸಿತು.

ಮುಂದೆ ಹೋಗಿದ್ದ ಫಕೀರೇಶ ಅದನ್ನು ಕೇಳಿ ಸೈಕಲ್ ತಿರುಗಿಸಿಕೊಂಡು ಬಂದ. ಒಂದು ಕಾಲು ನೆಲಕ್ಕೂರಿ, "ಏನಾತ್ರಿ?" ಎಂದು ಕೇಳಿದ.

"ಸೈಕಲ್ ಹೊಡ್ಯಾಕ ಬರೂದಿಲ್ಲ ಅಂದ್ರು ನಿಮ್ಮ ಅಣ್ಣಾವ್ರು," ಎಂದರು ಯಾರೋ. "ಎಂಥಾ ದೊಡ್ಡ ಗುಣ."

ಫಕೀರೇಶ ಈಶಪ್ಪನ ಮುಖ ನೋಡಿದ. ಅಲ್ಲಿದ್ದವರಲ್ಲಿ ಅವನೊಬ್ಬನಿಗೆ ಆ ಕ್ಷಣ ಎಲ್ಲವೂ ಹೊಳೆಯಿತು. ಈಶಪ್ಪ ಹೇಳುತ್ತಿರುವುದು ನಿಜವೆಂದೂ, ಅದನ್ನು ಈ ಜನಕ್ಕೆ ಹೇಗೂ ನಂಬಿಸಲಾಗದೆಂದೂ. ಅವನ ಮುಖ ಕೆಂಪಾಯಿತು, ಆಮೇಲೆ ಹಸಿರಾಯಿತು. ಮರ್ಯಾದಸ್ಥ ಮನುಷ್ಯ ಹೊಟ್ಟೆಕಿಚ್ಚಿಗೆ ಬಿದ್ದರೆ ಎಲ್ಲಿಗೆ ಹೋಗಿ ಮುಟ್ಟುತ್ತಾನೆಂಬುದನ್ನು ಆವತ್ತು ಗದಗಿನ ಜನ ನೋಡಿದರು.

"ನನಗೂ ಬರೂದಿಲ್ಲ," ಎಂದ ಫಕೀರೇಶ.

ಪೊಲೀಸ ಅವನನ್ನೂ, ಅವನ ಕೆಳಗಿದ್ದ ಸೈಕಲ್ಲನ್ನೂ, ಪೆಡಲಿನ ಮೇಲಿದ್ದ ಅವನ ಕಾಲನ್ನೂ ಸಾವಕಾಶ ನೋಡಿದ.

"ಮತ್ತ ಇಷ್ಟೊತ್ತು ಏನ್ ಮಾಡಾಕತ್ತಿದ್ರಿ?" ಎಂದ.

ಅದಾದ ಮೇಲೆ ಬೆಟಗೇರಿಯ ಗಿರಣಿಗೆ ಬೀಸಿಸಲು ಬರುವವರಿಗಿಂತ ಈಶಪ್ಪನನ್ನು ನೋಡಲು ಬರುವವರೇ ಹೆಚ್ಚಾದರು. ಅನ್ನಪೂರ್ಣ ಮಾತ್ರ ಅವತ್ತು ಸಂಜೆಯೇ ಅವನ ಪಾದಕ್ಕೆ ಎಣ್ಣೆ ಹಚ್ಚುತ್ತ, "ನನಗರ ಖರೆ ಹೇಳ್ರಿ," ಎಂದಿದ್ದಳು. ಅವನು ಕ್ಯಾರಿಯರಿನ ವಿಷಯವನ್ನೂ ಹೇಳಿದ. ಅವಳು ಎಣ್ಣೆ ಬಟ್ಟಲು ಬದಿಗಿಟ್ಟು, ಗೋಡೆಗೆ ಆತು ಕುಳಿತು, ಪಕ್ಕೆ ನೋಯುವವರೆಗೂ ನಕ್ಕಳು. ನಕ್ಕು ಮುಗಿಸಿ, "ವಿದ್ಯಾಶ್ರೀ ಮುಂದ ಮಾತ್ರ ಬಾಯಿ ಬಿಡಬ್ಯಾಡ್ರಿ," ಎಂದಳು.

ಫಕೀರೇಶನ ಪಾಡು ಕೇಳುವಂತಿರಲಿಲ್ಲ. ಅವನು ಸೈಕಲ್ ಹತ್ತಿದರೆ ದಾರಿಹೋಕರು, "ಸರಸ್ವತಿ ಮನ್ಯಾಗ ಬಿಟ್ಟು ಬಂದ್ರೇನ್ರಿ?" ಎನ್ನುತ್ತಿದ್ದರು. ಊಟದ ಡಬ್ಬಿಯ ಜೊತೆ ಒಂದು ವರ್ತಮಾನ ಪತ್ರಿಕೆ ಇದ್ದರೂ ಇಳಿದು ನೂಕಬೇಕಾಗುತ್ತಿತ್ತು. ಕೆಲವು ದಿನ ಕಚೇರಿಗೆ ತಡವಾಗಿ ಹೋಗಿ ಬೈಸಿಕೊಂಡು, ಕೊನೆಗೆ ಒಂದು ನಸುಕಿನಲ್ಲಿ ಗಿರಣಿಯ ಬಾಗಿಲಿಗೆ ಬಂದ.

"ಅಣ್ಣಾವ್ರ, ನನಗ ಸೈಕಲ್ ಹೊಡಿಯೂ ಚಟ ಐತಿ. ಇಲ್ಲಿ ಹೊಡಿಯಾಕ ಬಿಡವಲ್ರು. ನಾಗಾವಿ ಕಡೆ ಹೋಗೂನು, ಅಲ್ಲಿ ಈ ಹೊತ್ತಿನ್ಯಾಗ ಯಾರೂ ಇರೂದಿಲ್ಲ. ನಿಮಗ ಬರೂದಿಲ್ಲ ಅನ್ನೂದು ನನಗ ಗೊತ್ತೈತಿ. ನಾ ಕಲಸತೀನಿ. ಕಲತು ಒಮ್ಮೆ ಮಂದಿ ಮುಂದ ಹೊಡದು ತೋರಿಸ್ರಿ. ನೀವು ಹತ್ತಿದ್ರ ನಾನೂ ಹತ್ತಬಹುದು."

ಈಶಪ್ಪ ಅವನ ಮುಖ ನೋಡಿದ. ನಿದ್ದೆಗೆಟ್ಟ ಕಣ್ಣು, ಬಾಡಿದ ಮೋರೆ. ಮೊದಲ ಸಲ ಅವನಿಗೆ ಷಡ್ಡಕನ ಮೇಲೆ ಪ್ರೀತಿ ಉಕ್ಕಿತು. ಇಡೀ ಜಿಲ್ಲೆಯಲ್ಲಿ ತನ್ನ ನಿಜವನ್ನು ನಿಜವೆಂದು ನಂಬಿದ ಗಂಡಸು ಲಾಡಸಾಬನನ್ನು ಬಿಟ್ಟರೆ ಇವನೊಬ್ಬನೇ.

ಫಕೀರೇಶ ತನ್ನ ಸೈಕಲ್ಲನ್ನೂ, ಈಶಪ್ಪ ಲಾಡಸಾಬನಿಗೆ ಇನ್ನೂ ಮರಳಿಸದ ಕರಿ ಸೈಕಲ್ಲನ್ನೂ ನೂಕುತ್ತ ಊರು ದಾಟಿದರು. ನಾಗಾವಿಯ ಹತ್ತಿರ ರಸ್ತೆ ಖಾಲಿಯಿತ್ತು. ಗುಡ್ಡದ ಮೇಲೆ ಗಾಳಿ ವಿದ್ಯುತ್ತಿನ ಫ್ಯಾನುಗಳು ನಿಧಾನ ತಿರುಗುತ್ತಿದ್ದವು. ಕರಿ ಸೈಕಲ್ ಎತ್ತರವೆಂದು ಫಕೀರೇಶ ತನ್ನ ಗೇರಿನ ಸೈಕಲ್ಲನ್ನೇ ಕೊಟ್ಟ. ಈಶಪ್ಪ ಹತ್ತಿದ, ಬಿದ್ದ. ಮತ್ತೆ ಹತ್ತಿದ, ಸ್ವಲ್ಪ ದೂರ ಹೋಗಿ ಬಿದ್ದ. ಮೂರನೆಯ ಸಲ ಹತ್ತಿದಾಗ ಏನಾಯಿತೋ, ಸೈಕಲ್ ಓಲಾಡುವುದನ್ನು ಬಿಟ್ಟು ನೆಟ್ಟಗಾಯಿತು. ಆ ರವಿವಾರವಿಡೀ ನೂಕಿ ನೂಕಿ ಹ್ಯಾಂಡಲ್ ಅವನ ಕೈಗೆ ಒಗ್ಗಿಹೋಗಿತ್ತೇನೋ. ಇಳಿಜಾರು ಶುರುವಾಯಿತು. ಅಂಗಿಯೊಳಗೆ ಗಾಳಿ ಹೊಕ್ಕು ಉಬ್ಬಿತು. ಇದಕ್ಕೇ ಏನು ಫಕೀರೇಶ ಹಾಗೆ ನಗುತ್ತಿದ್ದುದು ಎಂದು ಅವನಿಗೆ ಈಗ ಅರ್ಥವಾಯಿತು. ಅವನೂ ನಕ್ಕ.

ಹಿಂದೆ ಫಕೀರೇಶ ದಾರಿಯ ನಡುವೆ ನಿಂತುಬಿಟ್ಟಿದ್ದ. ತಾನು ಹುಡುಗನಿದ್ದಾಗ ಸೈಕಲ್ ಕಲಿಯಲು ಒಂದು ಇಡೀ ಬೇಸಿಗೆ ಹಿಡಿದಿತ್ತು. ಮೊಣಕಾಲಿನ ಕಲೆ ಇನ್ನೂ ಹೋಗಿಲ್ಲ. ಈ ಮನುಷ್ಯ ಮೂರನೆಯ ಸಲಕ್ಕೆ ಹೊರಟುಹೋದ.

"ಬರತಿತ್ತು ನಿಮಗ," ಎಂದು ಕೂಗಿದ. "ಮೊದಲಿಂದ್ಲೂ ಬರತಿತ್ತು. ಟೀಚರ್ ಹೇಳಿದ್ದ ಖರೆ. ನಾ ಒಬ್ಬನ ಮಬ್ಬ ಆದೆ. ನಿಲ್ರಿ ಅಣ್ಣಾವ್ರ, ನಿಂತು ಮಾರಿ ನೋಡಿ ಹೇಳ್ರಿ."

ಈಶಪ್ಪ ನಿಲ್ಲಲಿಲ್ಲ, ತಿರುಗಿಯೂ ನೋಡಲಿಲ್ಲ. ನಾಗಾವಿಯ ಇಳಿಜಾರಿನಲ್ಲಿ, ಬೆನ್ನು ನೆಟ್ಟಗೆ ಮಾಡಿಕೊಂಡು, ಮಹಾಗರ್ವಿಷ್ಠನಂತೆ ಹೋಗುತ್ತಲೇ ಇದ್ದ. ಅವನಿಗೂ ನಿಲ್ಲುವ ಆಸೆ ಬಹಳ ಇತ್ತು. ಆದರೆ ಸೈಕಲ್ ಹತ್ತುವುದನ್ನು ಹೇಳಿಕೊಟ್ಟ ಫಕೀರೇಶ, ಇಳಿಯುವುದನ್ನು ಇನ್ನೂ ಹೇಳಿಕೊಟ್ಟಿರಲಿಲ್ಲ.